ಮುಂದಕ್ಕೆ ಹಾಕಿದ ಹಲ್ಲುನೋವು

ಹಲ್ಲಿನ ಡಾಕ್ಟರ ಕುರ್ಚಿಗೆ ಅಂಜುವವರು ಕೊರೊನಾಕ್ಕಿಂತ ಮೊದಲೂ ಇದ್ದರು. ಧಾರವಾಡ ಜಿಲ್ಲೆಯ ಮೊರಬ ಸೀಮೆಯಲ್ಲಿ ಹಲ್ಲು ನೋಯತೊಡಗಿದರೆ ಮೊದಲು ಲವಂಗ, ಆಮೇಲೆ ಔಷಧ ಅಂಗಡಿಯ ಗುಳಿಗೆ, ಖಡಕ್ ರೊಟ್ಟಿ ಬಿಟ್ಟು ನುಚ್ಚು. ಗಲ್ಲ ಬಾತು ನಿದ್ದೆಗೆಟ್ಟ ಮೇಲಷ್ಟೇ ಹುಬ್ಬಳ್ಳಿ ಇಲ್ಲವೆ ಧಾರವಾಡದ ಬಸ್ಸು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಸುಳ್ಳು ನಂಬಿಕೆ ಬೇರೆ.

2020ರ ಲಾಕ್‌ಡೌನ್ ಈ ಅಂಜಿಕೆಗೆ ಅಧಿಕೃತ ಮುದ್ರೆ ಒತ್ತಿತು. ಬಸ್ಸು ನಿಂತವು. ತುರ್ತಲ್ಲದ ಹಲ್ಲಿನ ಚಿಕಿತ್ಸೆ ಮುಂದೂಡಿ ಎಂದು ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಸೋಂಕು ಹರಡುತ್ತಿರುವ ಕಡೆಗಳಿಗೆ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾತೂ ಅದೇ. ಕಾರಣ ಸುಳ್ಳಲ್ಲ. ಹಲ್ಲು ಕೊರೆಯುವ ಯಂತ್ರ ನೀರಿನ ಜೊತೆ ಎಂಜಲನ್ನೂ ಸಣ್ಣ ಹನಿಗಳಾಗಿ ಗಾಳಿಗೆ ಹಾರಿಸುತ್ತದೆ, ಕುರ್ಚಿಯಲ್ಲಿ ಕೂತವರು ಮಾಸ್ಕ್ ತೆಗೆಯಲೇಬೇಕು. ಆದರೆ ಬಾವು, ನಿಲ್ಲದ ರಕ್ತ, ತಡೆಯಲಾಗದ ನೋವಿಗೆ ಚಿಕಿತ್ಸೆ ಬೇಡವೆಂದು ಯಾರೂ ಹೇಳಿರಲಿಲ್ಲ. ಹಳ್ಳಿಗೆ ಮುಟ್ಟಿದ್ದು ಅರ್ಧ ಮಾತು: “ಅಲ್ಲಿ ಹೋಗಿ ಬಾಯಿ ತಗದ್ರ ರೋಗ ಹತ್ತತೈತಿ. ಹಲ್ಲೇನ್ ಜೀವಾ ತಗೀತೈತಿ?”

2021ರ ಎರಡನೇ ಅಲೆ ಇದಕ್ಕೆ ಕಠೋರ ಉತ್ತರ ಕೊಟ್ಟಿತು. ಕೋವಿಡ್‌ನಿಂದ ಎದ್ದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಕಪ್ಪು ಶಿಲೀಂಧ್ರ ಮೂಗಿನ ಪಕ್ಕದ ಸೈನಸ್‌ನಿಂದ ಮೇಲ್ದವಡೆಗೆ ಇಳಿಯಿತು. ಗಟ್ಟಿಯಾಗಿದ್ದ ಮೇಲಿನ ಹಲ್ಲು ಅಲುಗಾಡುವುದು, ಬಾಯಿಯ ಅಂಗುಳ ಕಪ್ಪಾಗುವುದು ಅದರ ಮುನ್ಸೂಚನೆಗಳು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳ ರೋಗಿಗಳು ಬಂದರು. ಈ ರೋಗದಲ್ಲಿ ತಡಮಾಡಿದರೆ ದವಡೆ, ಕಣ್ಣು, ಕೊನೆಗೆ ಜೀವವೂ ಹೋಗಬಹುದು.

ಅದೇ ವರ್ಷದ ನವೆಂಬರ್‌ನಲ್ಲಿ ಧಾರವಾಡದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ 281 ಜನರಿಗೆ ಕೋವಿಡ್ ಸೋಂಕು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಎಸ್‌ಡಿಎಂ ದಂತ ಕಾಲೇಜು ಇರುವುದೂ ಸತ್ತೂರಿನಲ್ಲೇ. ಸೋಂಕಿನ ಮೂಲವೆಂದು ಅಧಿಕಾರಿಗಳು ಬೊಟ್ಟು ಮಾಡಿದ್ದು ವಿದ್ಯಾರ್ಥಿಗಳ ಒಂದು ಸಮಾರಂಭಕ್ಕೆ, ಹಲ್ಲಿನ ಕುರ್ಚಿಗಲ್ಲ. ಅಂಜಿದ ಮನಸ್ಸು ಆ ವ್ಯತ್ಯಾಸ ಎಣಿಸುವುದಿಲ್ಲ.

ಈ ಅಂಜಿಕೆಯನ್ನು ಹಳ್ಳಿಗರ ಮೊಂಡುತನ ಎನ್ನುವವರನ್ನು ನಾವು ಒಪ್ಪುವುದಿಲ್ಲ. ಅಂಜಿದವನು ಡಾಕ್ಟರ ಮುಖ ನೋಡಿ ಧೈರ್ಯ ತಗೊಳ್ಳುತ್ತಾನೆ. ಕೊರೊನಾ ಕಾಲದಲ್ಲಿ ಆ ಮುಖ ಮಾಸ್ಕು, ಪ್ಲಾಸ್ಟಿಕ್ ಹಾಳೆಯ ಹಿಂದಿತ್ತು. ಕೈ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ ಮಗನನ್ನೋ ಅವ್ವನನ್ನೋ ಬಾಗಿಲ ಹೊರಗೇ ನಿಲ್ಲಿಸಿದ್ದರು. ನಿರ್ಬಂಧಗಳೆಲ್ಲ ಹೋದವು. “ಮುಂದ ನೋಡೋಣ” ಎಂಬ ರೂಢಿ ಮಾತ್ರ ಹೋಗಲಿಲ್ಲ, ತಂಬಾಕು ತಿನ್ನುವ ಬಾಯಿಗಳಲ್ಲಿ ಅದು ಇನ್ನೂ ಅಪಾಯ. ವಾಸಿಯಾಗದ ಹುಣ್ಣನ್ನು, ಬಿಳಿ ಮಚ್ಚೆಯನ್ನು ಬೇಗ ನೋಡಿದರೆ ಬಾಯಿ ಕ್ಯಾನ್ಸರನ್ನು ಆರಂಭದಲ್ಲೇ ಹಿಡಿಯಬಹುದು.

ಅಂಜಿದವರನ್ನು ಪೇಟೆಗೆ ಕರೆದರೆ ಸಾಲದು, ಡಾಕ್ಟರೇ ಹಳ್ಳಿಗೆ ಬರಬೇಕು. ಮೊರಬದಂಥ ಊರುಗಳಲ್ಲಿ ವಾರಕ್ಕೊಂದು ಗೊತ್ತಾದ ದಿನ ದಂತವೈದ್ಯರು ಕೂರುವಂತೆ ಜಿಲ್ಲಾ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ. ಮೊದಲ ದಿನ ಸೂಜಿ, ಇಕ್ಕಳ ಬೇಡ, ಬಾಯಿ ನೋಡಿ ಮಾತಾಡಿದರೆ ಸಾಕು. ಓದುಗರೇ, ನಿಮ್ಮ ಮನೆಯಲ್ಲಿ ಒಂದೇ ಮಗ್ಗುಲಲ್ಲಿ ಅಗಿದು ಉಣ್ಣುವವರಿದ್ದರೆ ಗುಳಿಗೆ ತಂದುಕೊಡಬೇಡಿ. ಜೊತೆಗೆ ಹೋಗಿ ತೋರಿಸಿಕೊಂಡು ಬನ್ನಿ.