ಶಾಸನದ ಅಕ್ಷರಕ್ಕೆ ನಿಷ್ಠವಾದ ತಂತ್ರಾಂಶ

ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಶಿಲಾಹಾರರ ಕಾಲದ ಕನ್ನಡ ಶಾಸನಗಳು ಕೊಲ್ಲಾಪುರದ ಪರಿಸರದಲ್ಲಿ ಇನ್ನೂ ಹಲವು. ಇವುಗಳ ಛಾಯಾಚಿತ್ರ ತೆಗೆಯುವ ವಿದ್ಯಾರ್ಥಿಗಳು ಕ್ಯಾಮೆರಾದ ‘ರಾ’ ಕಡತಗಳನ್ನು ಯಾವ ತಂತ್ರಾಂಶದಲ್ಲಿ ಸಂಸ್ಕರಿಸಬೇಕು? ಇದು ಅಭಿರುಚಿಯ ಪ್ರಶ್ನೆಯಲ್ಲ, ಪಾಠನಿರ್ಣಯದ ಪ್ರಶ್ನೆ.

ಜೆಪೆಗ್ ಚಿತ್ರದಲ್ಲಿ ಪ್ರತಿಯೊಂದು ಮೂಲವರ್ಣಕ್ಕೆ 256 ಹಂತಗಳು. 14 ಬಿಟ್‌ನ ರಾ ಕಡತದಲ್ಲಿ 16,384. ಸವೆದ ಗೆರೆಯ ತೆಳುನೆರಳನ್ನು ಮೇಲೆತ್ತಲು ಈ ಹೆಚ್ಚಿನ ಹಂತಗಳೇ ಆಧಾರ. ‘ಪ’ಕಾರವೋ ‘ಷ’ಕಾರವೋ ಎಂಬುದು ಅಂಥ ಒಂದೇ ಗೆರೆಯಿಂದ ತೀರ್ಮಾನವಾಗುತ್ತದೆ.

ಲೈಟ್‌ರೂಮ್ ಕಲಿಯಲು ಸುಲಭ. ಮೂಲ ಕಡತವನ್ನು ಅದೂ ಕೆಡಿಸುವುದಿಲ್ಲ. ಆದರೆ ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಚಂದಾ ನಿಂತರೆ ತಿದ್ದುವ ಸೌಲಭ್ಯವೂ ನಿಲ್ಲುತ್ತದೆ. ಡಾರ್ಕ್‌ಟೇಬಲ್ ಉಚಿತ ಹಾಗೂ ಮುಕ್ತ ತಂತ್ರಾಂಶ. ಮಾಡಿದ ತಿದ್ದುಪಡಿಗಳನ್ನು ಅದು ಚಿತ್ರದ ಪಕ್ಕದಲ್ಲಿಯೇ ಪ್ರತ್ಯೇಕ ಎಕ್ಸ್‌ಎಂಪಿ ಕಡತದಲ್ಲಿ ಬರೆದಿಡುತ್ತದೆ. ಕಲಿಯಲು ಶ್ರಮ ಹೆಚ್ಚೆಂಬುದು ನಿಜ. ಆದರೂ ಮುಂದಿನ ಸಂಶೋಧಕನು ಹಣ ತೆರದೆ ಅದೇ ಕಡತವನ್ನು ತೆರೆದು, ನಾವು ಎಲ್ಲಿ ಎಷ್ಟು ತಿದ್ದಿದ್ದೇವೆಂದು ಪರೀಕ್ಷಿಸಬಲ್ಲನು. ಈ ಕಾರಣದಿಂದ ವಿಭಾಗದ ಸಂಗ್ರಹಕ್ಕೆ ಡಾರ್ಕ್‌ಟೇಬಲ್ಲೇ ಯೋಗ್ಯವೆಂದು ನನ್ನ ಅಭಿಪ್ರಾಯ.

ತಂತ್ರಾಂಶ ಯಾವುದೇ ಇರಲಿ, ಎರಡು ನಿಯಮಗಳನ್ನು ಮೀರಬಾರದು. ಮೂಲ ರಾ ಕಡತವನ್ನು ಎಂದಿಗೂ ಅಳಿಸಕೂಡದು. ಇಲ್ಲದ ವಿವರವನ್ನು ಊಹಿಸಿ ತುಂಬುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಶಾಸನದ ಚಿತ್ರಕ್ಕೆ ಬಳಸಕೂಡದು. ಅಳಿದ ಅಕ್ಷರವನ್ನು ಅಳಿದದ್ದೆಂದೇ ತೋರಿಸುವುದು ಲಿಪಿಶಾಸ್ತ್ರದ ಶಿಸ್ತು. ಕಲ್ಲಿನಲ್ಲಿಲ್ಲದ ಗೆರೆ ಚಿತ್ರದಲ್ಲಿಯೂ ಇರಬಾರದು.