ಐದು ಹೆಸರು, ಒಂದೇ ಅಕ್ಷರ

ಗುಂಪು ಚಟುವಟಿಕೆ ಅಂದಕೂಡಲೇ ಮುಖ ಸಿಂಡರಿಸುವ ಮಕ್ಕಳ ಬಗ್ಗೆ ಶಿಕ್ಷಕರ ಕೋಣೆಯಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: ‘ಆಕಿ ಯಾರ ಜೋಡೀನೂ ಬೆರಿಯಂಗಿಲ್ರಿ.’ ಬೆರೆಯುವುದು ಸದ್ಗುಣ, ಬೆರೆಯದಿರುವುದು ತಿದ್ದಬೇಕಾದ ದೋಷ ಎಂಬ ಎಣಿಕೆ ಅದರ ಹಿಂದಿದೆ. ನನಗೆ ಇದು ಒಪ್ಪಿಗೆಯಿಲ್ಲ. ಸ್ವಭಾವಕ್ಕೆ ಇಲ್ಲಿ ಪಾತ್ರವಿದೆ, ನಿಜ. ಆದರೆ ಅದು ಮಾಡುವುದು ಇಷ್ಟೇ: ಗುಂಪಿನ ಏರ್ಪಾಟಿನಲ್ಲಿರುವ ಯಾವ ಊನ ಯಾವ ಮಗುವಿಗೆ ಮೊದಲು ಚುಚ್ಚಬೇಕು ಎಂಬುದನ್ನು ಗೊತ್ತುಮಾಡುತ್ತದೆ. ಊನವಂತೂ ಅಲ್ಲಿ ಇದ್ದೇ ಇರುತ್ತದೆ.

ನವಲಗುಂದದ ಯಾವುದಾದರೂ ಹೈಸ್ಕೂಲಿನ ಒಂಬತ್ತನೇ ತರಗತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ‘ನಮ್ಮೂರ ಜಮಖಾನೆ’ ಎಂಬ ಪ್ರಾಜೆಕ್ಟು. ಹಾಜರಿ ಪುಸ್ತಕದ ಕ್ರಮದಲ್ಲೇ ಐದೈದು ಮಂದಿಯ ತಂಡ. ಒಬ್ಬ ಡ್ರಾಯಿಂಗ್ ಶೀಟು ತರುತ್ತಾನೆ, ಇನ್ನೊಬ್ಬ ಸ್ಕೆಚ್ ಪೆನ್ನು. ‘ನಿನ್ನ ಅಕ್ಷರ ಚಂದ ಅದಾವ, ನೀನ ಬರಿ’ ಎಂದು ಬರೆಯುವ ಕೆಲಸವೆಲ್ಲ ಒಬ್ಬಳ ಕೊರಳಿಗೆ. ತುದಿಯಲ್ಲಿ ಕೂತ ಹುಡುಗಿಯ ಓಣಿಯಲ್ಲೇ ಮಗ್ಗವಿದೆ. ನೆಟ್ಟಗೆ ನಿಂತ ಮಗ್ಗದ ಮುಂದೆ ಹೆಂಗಸರು ಕೂತು ಬಣ್ಣದ ಹತ್ತಿನೂಲಿನಲ್ಲಿ ನವಿಲು ಮೂಡಿಸುವುದನ್ನು, ಪಗಡೆ ಹಾಸಿನ ಚಿತ್ತಾರ ತೆಗೆಯುವುದನ್ನು ಆಕೆ ಚಿಕ್ಕಂದಿನಿಂದ ಕಂಡವಳು. ಅವಳನ್ನು ಯಾರೂ ಕೇಳಲಿಲ್ಲ, ಅವಳಾಗಿ ಬಾಯಿಬಿಡಲಿಲ್ಲ. ಮಾತಿನಮಲ್ಲ ಹುಡುಗ ಎದ್ದುನಿಂತು ಜಮಖಾನೆಗೆ ಜಿಐ ಟ್ಯಾಗ್ ಸಿಕ್ಕಿದ್ದನ್ನು ಗಡಗಡ ಒಪ್ಪಿಸುತ್ತಾನೆ. ನೇಯುವುದು ಹೇಗಪ್ಪ ಎಂದರೆ ಚಾವಣಿ ನೋಡುತ್ತಾನೆ. ಐವರಿಗೂ ಒಂದೇ ಅಂಕ.

ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯಲು ಐದು ಗುಣಗಳನ್ನು ಹಿಡಿಯುತ್ತಾರೆ: ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಶಿಸ್ತು, ಆತಂಕಪಡುವ ಸ್ವಭಾವ, ಹೊಸತಿಗೆ ತೆರೆದ ಮನಸ್ಸು. ಈ ತಂಡದಲ್ಲಿ ಬಹಿರ್ಮುಖಿಗೆ ಗುಂಪೆಂದರೆ ಹಬ್ಬ, ಏಕೆಂದರೆ ಕಣ್ಣಿಗೆ ಬೀಳುವ ಕೆಲಸ ಅವನದೇ. ಶಿಸ್ತಿನವಳಿಗೆ ಅದು ಪರರ ಪಾಲಿನ ದುಡಿಮೆ. ಆತಂಕದ ಮಗುವಿಗೆ ನಲವತ್ತು ಜನರ ಮುಂದೆ ತಪ್ಪು ಹೇಳಿಬಿಟ್ಟೇನೆಂಬ ಭಯ. ಮೂವರೂ ತಮ್ಮ ತಮ್ಮ ಜಾಗದಿಂದ ಸರಿಯಾಗಿಯೇ ನೋಡುತ್ತಿದ್ದಾರೆ.

ನನಗೆ ಹೆಚ್ಚು ಚಿಂತೆ ಹೊಂದಿಕೊಳ್ಳುವ ಮಗುವಿನದು. ಎಲ್ಲಕ್ಕೂ ‘ಹೂಂ’ ಅನ್ನುವ ಈ ಮಗು ಬೇರೆಯವರ ಭಾರ ಹೊತ್ತೂ ‘ಗುಂಪಿನ್ಯಾಗ ಚಲೋ ಅನಸ್ತೈತ್ರಿ’ ಎನ್ನುತ್ತದೆ. ಅದರ ಮಾತು ಕೇಳಿ ಶಿಕ್ಷಕರು ವಿಧಾನ ಫಲಿಸಿತೆಂದು ನಂಬುತ್ತಾರೆ. ದೂರು ಹೇಳುವವರಷ್ಟೇ ಅಲ್ಲ, ದೂರು ಹೇಳದವರೂ ತಮ್ಮ ಸ್ವಭಾವದಂತೆಯೇ ಮಾತಾಡುತ್ತಿರುತ್ತಾರೆ.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ನೋಡಿ 1913ರಲ್ಲಿ ಒಂದು ಲೆಕ್ಕ ಪ್ರಕಟಿಸಿದ. ಎಂಟು ಮಂದಿ ಕೂಡಿ ಎಳೆದಾಗ ತಲಾ ಬಲ, ಒಬ್ಬನೇ ಎಳೆಯುವಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಜಗ್ಗುವ ಹೊತ್ತು ಒಂದೇ ಆಗದ್ದು ಅದಕ್ಕೆ ಒಂದು ಕಾರಣ, ಮೈಗಳ್ಳತನ ಇನ್ನೊಂದು. 1979ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಟಾನೆ ಮತ್ತವರ ಜೊತೆಗಾರರು ಚಪ್ಪಾಳೆ, ಕೂಗುಗಳಲ್ಲೂ ಇದನ್ನೇ ಕಂಡರು. ತನ್ನ ಪಾಲಿನ ಸದ್ದು ಬೇರೆಯಾಗಿ ಗೊತ್ತಾಗುತ್ತದೆ ಎಂದಾಗ ಕಳ್ಳಾಟ ನಿಲ್ಲುತ್ತದೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ತಿಳಿಯಿತು. ಎರೆಹೊಲದ ರೈತನಿಗೆ ಇದರಲ್ಲಿ ಹೊಸತೇನಿಲ್ಲ. ಮುಯ್ಯಾಳಿನ ಪದ್ಧತಿಯಲ್ಲಿ ಇವತ್ತು ನಮ್ಮ ಮನೆಯ ಇಬ್ಬರು ನಿಮ್ಮ ಹೊಲಕ್ಕೆ ಬಂದರೆ, ನಾಳೆ ನಿಮ್ಮವರಿಬ್ಬರು ನಮ್ಮಲ್ಲಿಗೆ. ಲೆಕ್ಕ ಬರೆದಿಡದಿದ್ದರೂ ಎರಡೂ ಮನೆಯವರಿಗೆ ಬಾಯಿಪಾಠ. ಹಾಗೆ ಲೆಕ್ಕ ಇಟ್ಟವನನ್ನು ಯಾರೂ ಸ್ವಾರ್ಥಿ ಅನ್ನಲಿಲ್ಲ. ಶಾಲೆಯಲ್ಲಿ ‘ನಾ ಒಬ್ಬಾಕಿನ ಬರದೇನ್ರಿ ಸರ್’ ಅಂದರೆ ಮಾತ್ರ ‘ಹೊಂದಿಕೊಂಡು ಹೋಗಬೇಕವ್ವಾ’ ಎಂಬ ಉಪದೇಶ.

ಸ್ವಭಾವವೇ ಎಲ್ಲವೂ ಆಗಿದ್ದರೆ ನಲಿ-ಕಲಿಯಲ್ಲೂ ಇದೇ ಮುನಿಸು ಕಾಣಬೇಕಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಪುಟ್ಟ ಮಕ್ಕಳು ದಿನವೂ ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ನೆರವು, ಒಂದಕ್ಕೆ ಗೆಳೆಯರ ನೆರವು, ಇನ್ನೊಂದರಲ್ಲಿ ಸ್ವಂತ ಕಲಿಕೆ. ಕೂರುವುದು ಕೂಡಿ, ಮೆಟ್ಟಿಲು ಏರುವುದು ಅವರವರ ವೇಗದಲ್ಲಿ. ಪಕ್ಕದವನು ಹಿಂದುಳಿದರೆ ನನಗೇನೂ ನಷ್ಟವಿಲ್ಲ, ಹೇಳಿಕೊಟ್ಟರೆ ಖುಷಿ. ಅದೇ ಮಗು ಒಂಬತ್ತಕ್ಕೆ ಬಂದಾಗ ಪಕ್ಕದವನ ಸೋಮಾರಿತನ ತನ್ನ ಅಂಕಪಟ್ಟಿಗೆ ಬಂದು ಕೂರುತ್ತದೆ. ಎಸ್ಸೆಸ್ಸೆಲ್ಸಿಯ ಹೆಚ್ಚಿನ ವಿಷಯಗಳಲ್ಲಿ ಆಂತರಿಕ ಅಂಕವೇ 20 ಎಂದ ಮೇಲೆ ಹತ್ತನೆಯಲ್ಲಿ ಆ ಚಿಂತೆ ಸಣ್ಣದೂ ಅಲ್ಲ.

ಇನ್ನು ಕೆಲವು ಸಂದರ್ಭಗಳಲ್ಲಿ ನಾವು ಸ್ವಭಾವ ಎಂದು ಬರೆದುಕೊಳ್ಳುವುದು ಸ್ವಭಾವವೇ ಅಲ್ಲ. ಶಾಲೆ ಬಿಟ್ಟ ಮೇಲೆ ತಂಡದ ಕೆಲಸಕ್ಕೆ ನಿಲ್ಲದ ಮೊರಬದ ಹುಡುಗಿಗೆ ಬಸ್ಸಿನ ಚಿಂತೆ. ಹತ್ತಿ ಬಿಡಿಸುವ ಕಾಲದಲ್ಲಿ ಗೈರಾಗುವ ಹುಡುಗ ಹೊಲದಲ್ಲಿರುತ್ತಾನೆ. ಚಾರ್ಟು ಬರೆಯಲು ಯಾರ ಮನೆಯಲ್ಲಿ ಸೇರುವುದು ಎಂಬ ಪ್ರಶ್ನೆಗೆ ಜಾತಿ ಉತ್ತರ ಕೊಡುವುದುಂಟು, ಅದನ್ನು ಅಂತರ್ಮುಖತೆ ಎಂದು ಕರೆದರೆ ನಮಗೇ ಅನುಕೂಲ.

‘ಮುಂದೆ ಕಂಪನಿಯಲ್ಲಿ ಎಲ್ಲರ ಜೊತೆ ದುಡಿಯಬೇಕಲ್ಲ, ಈಗಲೇ ರೂಢಿಯಾಗಲಿ’ ಎಂಬ ವಾದ ಬಂದೇ ಬರುತ್ತದೆ. ಕಂಪನಿಯಲ್ಲಿ ಐವರಿಗೂ ಒಂದೇ ಪಗಾರ ಇರುವುದಿಲ್ಲ ಎಂದಷ್ಟೇ ಅದಕ್ಕೆ ನನ್ನ ಉತ್ತರ.

ಗುಂಪನ್ನು ಬೇರೆ ರೀತಿಯಲ್ಲೂ ಕಟ್ಟಬಹುದು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಒಂದು ಉಪಾಯ ಮಾಡಿದ. ಪಾಠವನ್ನು ತುಂಡುಮಾಡಿ ತಂಡದ ಪ್ರತಿಯೊಬ್ಬರಿಗೂ ಬೇರೆಯವರ ಬಳಿ ಇಲ್ಲದ ಒಂದು ತುಂಡು ಕೊಡುವುದು. ಎಲ್ಲರೂ ಒಬ್ಬರಿಂದೊಬ್ಬರು ಕೇಳಿ ಕಲಿಯುವುದು. ಪರೀಕ್ಷೆ ಮಾತ್ರ ಒಂಟಿಯಾಗಿ. ನಮ್ಮ ಜಮಖಾನೆ ತಂಡದಲ್ಲಿ ನೇಯ್ಗೆಯ ತುಂಡು ಮಗ್ಗದ ಓಣಿಯ ಹುಡುಗಿಗೆ ಬಂದರೆ ಮಾತಿನಮಲ್ಲನೇ ಅವಳ ಬಳಿ ಹೋಗಿ ಕೂರಬೇಕು. ಆಕೆ ನಾಲ್ವರಿಗೆ ಹೇಳಿದರೆ ಸಾಕು, ವೇದಿಕೆ ಹತ್ತಬೇಕಿಲ್ಲ. ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಲು ಪೀರಿಯಡ್ ಎಲ್ಲಿಂದ ತರುವುದು ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ವಿಷಯಗಳು ಆರು. ಎಲ್ಲದಕ್ಕೂ ಚಾರ್ಟು ಅಂಟಿಸುವ ಬದಲು ವಿಷಯಕ್ಕೊಂದೇ ಗುಂಪುಕೆಲಸ ಸಾಕೆಂದರೆ ಆ ಹೊತ್ತು ಸಿಗುತ್ತದೆ. ಡ್ರಾಯಿಂಗ್ ಶೀಟಿನ ಖರ್ಚೂ ಉಳಿಯುತ್ತದೆ.