ಬಿದ್ದವನನ್ನು ನಂಬುವುದು ಹೇಗೆ?

ಪಂದ್ಯ ಮುಗಿಯಲು ಮೂರು ನಿಮಿಷ ಬಾಕಿ. ನಾವು ಎರಡು ಪಾಯಿಂಟ್ ಮುಂದೆ. ಆದರೆ ಅಂಕಣದಲ್ಲಿ ನಮ್ಮವರು ಉಳಿದದ್ದು ಇಬ್ಬರೇ, ಅದರಲ್ಲಿ ನಾನೊಬ್ಬ. ಎದುರಿನವರ ರೈಡರ್ ಬಂದಾಗೆಲ್ಲ ಒಬ್ಬೊಬ್ಬರನ್ನು ಮುಟ್ಟಿ ಹೋಗುತ್ತಿದ್ದ. ಇನ್ನೊಂದು ಒಳ್ಳೆಯ ರೈಡ್ ಆದರೆ ಆಲ್‌ಔಟ್, ಗೆಲುವು ಅವರದು. ನಮ್ಮ ಟೈಮ್‌ಔಟ್‌ಗಳು ಮುಗಿದಿದ್ದವು. ಔಟಾಗಿ ಹೊರಗೆ ಕುಳಿತಿದ್ದ ಕ್ಯಾಪ್ಟನ್ ಹಲ್ಲು ಕಚ್ಚಿಕೊಂಡೇ ಹೇಳಿದ, ‘ಬೀಳೋ ಮಾರಾಯ, ಬೀಳು!’

ನಾನು ಬಿದ್ದೆ. ಮೀನಖಂಡ ಹಿಡಿದುಕೊಂಡು ಹೊರಳಾಡಿದೆ. ಅಂಪೈರ್ ಸೀಟಿ ಊದಿದರು, ಸ್ಪ್ರೇ ಬಂತು, ನೀರು ಬಂತು. ಎರಡು ನಿಮಿಷದಲ್ಲಿ ನಮ್ಮ ಉಸಿರು ಮರಳಿತು, ಆ ರೈಡರ್‌ನ ಬಿಸಿ ಇಳಿಯಿತು. ಮುಂದಿನ ರೈಡ್‌ಗೆ ಬಂದವನನ್ನು ಇಬ್ಬರೂ ಸೇರಿ ಕೆಡವಿದೆವು. ಗೆದ್ದೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಗೆಳೆಯರು ನನಗೆ ‘ಆಸ್ಕರ್’ ಎಂದು ಹೆಸರಿಟ್ಟರು. ಸುಳ್ಳೇಕೆ ಹೇಳಲಿ, ಅವತ್ತು ನನಗೆ ಖುಷಿಯೇ ಆಗಿತ್ತು.

ನನ್ನೂರು ಶಿರಸಿ ಹತ್ತಿರದ ಹುಲೇಕಲ್. ಅಡಿಕೆ ಕೊಯ್ಲು ಮುಗಿದ ಮೇಲೆ ಊರೂರಲ್ಲಿ ಲೈಟ್ ಹಾಕಿ ನಡೆಯುವ ವಾಲಿಬಾಲ್, ಕಬಡ್ಡಿ ನೋಡುತ್ತಲೇ ಬೆಳೆದವನು. ಅಲ್ಲಿ ಆಡುವಾಗ ಬಿದ್ದರೆ ನಿಜವಾಗಿಯೇ ಬಿದ್ದಂತೆ. ಮಂಡಿ ತರಚಿಸಿಕೊಂಡು ಮನೆಗೆ ಹೋದರೆ ಆಯಿಯ ಬೈಗುಳ ಬೇರೆ. ಕಾಲೇಜು ತಂಡಕ್ಕೆ ಬಂದ ಮೇಲೆಯೇ ನಾನು ಸುಳ್ಳು ಸುಳ್ಳೇ ಬೀಳುವುದನ್ನು ಕಲಿತದ್ದು.

ಇದನ್ನು ಬರೆಯಲು ಕಾರಣ ಆ ಗೆಲುವಲ್ಲ, ಮರುದಿನದ ಪಂದ್ಯ. ನಮ್ಮ ಕಾರ್ನರ್ ಆಟಗಾರ ರೈಡರ್‌ನ ಕಾಲು ಹಿಡಿಯಲು ಹೋದಾಗ ಅವನದೇ ಮೊಣಕಾಲು ತಿರುಚಿ ಬಿದ್ದ. ಎದುರಿನವರು ನಕ್ಕರು. ಸುತ್ತ ನಿಂತವರು ‘ಆಸ್ಕರ್ ಟೀಮ್, ಆಸ್ಕರ್ ಟೀಮ್’ ಎಂದು ಕೂಗಿದರು. ಅಂಪೈರ್ ಬಂದು, ‘ಏಳಪ್ಪಾ, ನಿಮ್ಮ ನಾಟಕ ನಿನ್ನೆಯೇ ನೋಡಿದ್ದೇನೆ’ ಎಂದರು. ಅವಮಾನ ತಾಳದೆ ಅವನು ಎದ್ದ. ಕುಂಟುತ್ತಲೇ ಮತ್ತೆರಡು ರೈಡ್‌ಗೆ ನಿಂತ. ಎರಡನೇ ಸಲ ಬಿದ್ದಾಗ ಯಾರೂ ನಗಲಿಲ್ಲ. ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ಆ ವರ್ಷದ ಆಟ ಅಲ್ಲಿಗೇ ಮುಗಿಯಿತು.

ಅಂಪೈರ್ ಮೇಲೆ ನನಗೆ ಸಿಟ್ಟಿಲ್ಲ. ಹಿಂದಿನ ದಿನ ಅವರಿಗೆ ಸುಳ್ಳು ಹೇಳಿದವನು ನಾನೇ. ಅದರ ಬೆಲೆ ತೆತ್ತವನು ಮಾತ್ರ ಬೇರೆಯವನು.

ಹಾಗಾದರೆ ಗಾಯದ ನಾಟಕ ಆಡುವವರಿಗೆ ದಂಡ ಹಾಕಬೇಕೇ? ಹಾಸ್ಟೆಲ್‌ನಲ್ಲಿ ಈ ಚರ್ಚೆ ಎತ್ತಿದರೆ ಅರ್ಧ ಜನ ‘ಅದೂ ಆಟದ ಬುದ್ಧಿವಂತಿಕೆಯೇ’ ಎನ್ನುತ್ತಾರೆ. ಉದಾಹರಣೆಯೂ ತಯಾರಿರುತ್ತದೆ. 2024ರ ಜೂನ್ 29, ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಸಾಕಿತ್ತು, ಕ್ಲಾಸೆನ್ ಬಾರಿಸುತ್ತಿದ್ದರು. ಅದಾದ ಸ್ವಲ್ಪ ಹೊತ್ತಿಗೆ ರಿಷಭ್ ಪಂತ್ ಮೊಣಕಾಲಿಗೆ ಟೇಪ್ ಸುತ್ತಿಸಿಕೊಂಡರು, ಆಟ ನಿಂತಿತು. ಮತ್ತೆ ಶುರುವಾದಾಗ ಹಾರ್ದಿಕ್ ಪಾಂಡ್ಯ ಎಸೆತಕ್ಕೆ ಕ್ಲಾಸೆನ್ ಔಟ್. ಭಾರತ 7 ರನ್‌ಗಳಿಂದ ಗೆದ್ದಿತು. ಕೆಲವು ತಿಂಗಳ ನಂತರ ಕಪಿಲ್ ಶರ್ಮಾ ಶೋನಲ್ಲಿ ರೋಹಿತ್ ಶರ್ಮಾ, ಪಂತ್ ತಲೆ ಓಡಿಸಿ ಆಟದ ವೇಗ ತಗ್ಗಿಸಿದರು ಎಂದು ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗೆಲುವಿಗೆ ಅದೊಂದೇ ಕಾರಣವಲ್ಲ ನಿಜ. ಪಂತ್ ಕಾಲಿಗೆ ಹಿಂದೆ ಅಪಘಾತದಲ್ಲಿ ದೊಡ್ಡ ಪೆಟ್ಟಾಗಿದ್ದದ್ದೂ ನಿಜ. ಆದರೆ ನಾವು ಮೆಚ್ಚಿದ್ದು ಆ ಉಪಾಯವನ್ನೇ.

ಅದೇ ಟೂರ್ನಿಯಲ್ಲಿ ಕೆಲವೇ ದಿನ ಮೊದಲು ಅಫ್ಗಾನಿಸ್ತಾನ–ಬಾಂಗ್ಲಾದೇಶ ಪಂದ್ಯ ನಡೆದಿತ್ತು. ಮಳೆ ಹನಿಯುತ್ತಿತ್ತು, ಡಕ್ವರ್ತ್ ಲೂಯಿಸ್ ಲೆಕ್ಕದಲ್ಲಿ ಬಾಂಗ್ಲಾ ಎರಡು ರನ್ ಹಿಂದಿತ್ತು. ನಿಧಾನ ಮಾಡಿ ಎಂದು ಅಫ್ಗನ್ ಕೋಚ್ ಜೋನಾಥನ್ ಟ್ರಾಟ್ ಹೊರಗಿನಿಂದ ಕೈಸನ್ನೆ ಮಾಡಿದರು. ಸ್ಲಿಪ್‌ನಲ್ಲಿದ್ದ ಗುಲ್ಬದಿನ್ ನೈಬ್ ಕಾಲು ಹಿಡಿದುಕೊಂಡು ಬಿದ್ದೇಬಿಟ್ಟರು! ಅದು ಸ್ನಾಯುಸೆಳೆತ ಎಂದು ನಾಯಕ ರಶೀದ್ ಖಾನ್ ಹೇಳಿದರು. ಆದರೆ ಅದೇ ನೈಬ್ ಸ್ವಲ್ಪ ಹೊತ್ತಿಗೆ ಬಂದು ಬೌಲಿಂಗ್ ಮಾಡಿ ವಿಕೆಟನ್ನೂ ಕಿತ್ತರು. ಅವರಿಗೆ ರೆಡ್ ಕಾರ್ಡ್ ಕೊಡಬೇಕು ಎಂದು ಅಶ್ವಿನ್ ತಮಾಷೆಯಾಗಿ ಬರೆದರು. ನಾವೂ ಮೀಮ್ ಮಾಡಿ ನಕ್ಕೆವು. ನಮ್ಮವರು ಮಾಡಿದರೆ ಬುದ್ಧಿ, ಬೇರೆಯವರು ಮಾಡಿದರೆ ನಾಟಕ. ಇಂಥ ತಕ್ಕಡಿ ಹಿಡಿದುಕೊಂಡು ನ್ಯಾಯ ತೂಗಲಾಗದು.

ಉಳಿದರ್ಧ ಜನ ‘ಸಿಕ್ಕಿಬಿದ್ದವನನ್ನು ಬ್ಯಾನ್ ಮಾಡಿ’ ಎನ್ನುತ್ತಾರೆ. ಹಾಗೆ ಮಾಡಿದ್ದೂ ಇದೆ. 1989ರಲ್ಲಿ ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ ಚಿಲಿ ತಂಡದ ಗೋಲ್‌ಕೀಪರ್ ರಾಬರ್ಟೊ ರೋಹಾಸ್, ಪ್ರೇಕ್ಷಕರು ಎಸೆದ ಪಟಾಕಿ ತಗುಲಿತೆಂದು ರಕ್ತ ಸುರಿಸಿಕೊಂಡು ಬಿದ್ದರು. ಪಟಾಕಿ ದೂರ ಬಿದ್ದದ್ದು ಛಾಯಾಚಿತ್ರದಲ್ಲಿ ಸಿಕ್ಕಿತು. ಅಡಗಿಸಿಟ್ಟ ಬ್ಲೇಡಿನಿಂದ ಅವರೇ ಕೊಯ್ದುಕೊಂಡಿದ್ದರು. ರೋಹಾಸ್‌ಗೆ ಆಜೀವ ನಿಷೇಧ ಬಿತ್ತು (2001ರಲ್ಲಿ ಅದನ್ನು ತೆಗೆದರು), ಚಿಲಿ 1994ರ ವಿಶ್ವಕಪ್ಪಿನಿಂದಲೇ ಹೊರಬಿತ್ತು. ಆದರೆ ಅಲ್ಲಿ ಫೋಟೊ ಇತ್ತು, ಬ್ಲೇಡ್ ಇತ್ತು. ನನ್ನ ಮೀನಖಂಡದಲ್ಲಿ ಏನಿತ್ತು? ಸೆಳೆತಕ್ಕೆ ಸಾಕ್ಷಿ ಇರುವುದಿಲ್ಲ, ಸೆಳೆತ ಇಲ್ಲದ್ದಕ್ಕೂ ಇರುವುದಿಲ್ಲ. ಗಾಯದ ನಟನೆಗೆ ಹಳದಿ ಕಾರ್ಡ್ ತೋರಿಸಲು ಫುಟ್‌ಬಾಲ್ ನಿಯಮದಲ್ಲಿ ಅವಕಾಶವಿದೆ. ಆದರೆ ನೋವು ಸುಳ್ಳೆಂದು ರೆಫರಿ ಯಾವ ಧೈರ್ಯದ ಮೇಲೆ ಹೇಳಬೇಕು? ಅವರೇನು ಡಾಕ್ಟರಲ್ಲ. ತಪ್ಪಾಗಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಗೆಳೆಯನ ಮೊಣಕಾಲೇ ಸಾಕ್ಷಿ.

ಹಾಗಾಗಿ ನನ್ನ ಅಭಿಪ್ರಾಯ ಇದು: ನಾಟಕಕ್ಕೆ ದಂಡ ಬೇಡ, ಆಟ ನಿಲ್ಲಿಸಿದ್ದಕ್ಕೆ ಬೆಲೆ ಇರಲಿ. ಎರಡೂ ಒಂದೇ ಅಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲ್ ಇದನ್ನೇ ಮಾಡಿದೆ. ಅದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಗಜ ಗಜ ಮುಂದೆ ಸಾಗುವ ಆಟ. ಕೆಲವು ತಂಡಗಳು ಒಂದು ದಾಳಿ ಮುಗಿದ ಕೂಡಲೇ ಗುಂಪು ಸೇರಿ ಮಾತಾಡದೆ ಮುಂದಿನ ದಾಳಿಗೆ ನಿಂತುಬಿಡುತ್ತವೆ. ತಡೆಯುವವರಿಗೆ ಉಸಿರಾಡಲೂ ಬಿಡುವಿಲ್ಲ. ಆಗ ಯಾರೋ ಒಬ್ಬ ದಿಢೀರನೆ ಬೀಳುತ್ತಾನೆ, ಆಟ ನಿಲ್ಲುತ್ತದೆ. ಅಕ್ಷರಶಃ ನಾನು ಮಾಡಿದ್ದೇ! 2025ರ ಋತುವಿನಿಂದ ಅಲ್ಲಿ ಹೊಸ ನಿಯಮ ಬಂತು. ಮುಂದಿನ ದಾಳಿಗೆ ಚೆಂಡು ಇಟ್ಟ ಮೇಲೆ ಆಟಗಾರ ಗಾಯವೆಂದು ಬಿದ್ದು ವೈದ್ಯರು ಒಳಬಂದರೆ, ಆ ತಂಡದ ಒಂದು ಟೈಮ್‌ಔಟ್ ಹೋಗುತ್ತದೆ. ಟೈಮ್‌ಔಟ್ ಉಳಿದಿಲ್ಲದಿದ್ದರೆ 5 ಗಜ ಹಿಂದಕ್ಕೆ. ಗಾಯ ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ.

ಅಲ್ಲಿನ ಮೇಜರ್ ಲೀಗ್ ಸಾಕರ್‌ನಲ್ಲಿ 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿದ್ದುಕೊಂಡು ಚಿಕಿತ್ಸೆ ಪಡೆದ ಆಟಗಾರ 2 ನಿಮಿಷ ಹೊರಗಿರಬೇಕು. ತಲೆಪೆಟ್ಟಿನಂಥವಕ್ಕೆ ವಿನಾಯಿತಿ ಇದೆ. ನಮ್ಮೂರ ವಾಲಿಬಾಲ್‌ನ ಅಧಿಕೃತ ನಿಯಮವೂ ಇದೇ ದಾರಿಯದು. ಗಾಯಾಳುವಿಗೆ ಬದಲಿ ಇಲ್ಲದಿದ್ದರೆ 3 ನಿಮಿಷದ ಅವಕಾಶ. ಅದೂ ಒಬ್ಬನಿಗೆ ಒಂದು ಪಂದ್ಯದಲ್ಲಿ ಒಮ್ಮೆ ಮಾತ್ರ. ಸುಮ್ಮನೆ ಆಟ ತಡಮಾಡಿದರೆ ಮೊದಲು ಎಚ್ಚರಿಕೆ, ಎರಡನೇ ಸಲಕ್ಕೆ ಎದುರಾಳಿಗೆ ಪಾಯಿಂಟ್.

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಇದು ಸರಿ ಎನಿಸುತ್ತದೆ. ಅಳೆಯಲಾಗದ್ದನ್ನು ನಂಬಿ ಯಂತ್ರ ಕಟ್ಟಬಾರದು. ಮನಸ್ಸಿನೊಳಗಿನ ಉದ್ದೇಶ ಅಳೆಯಲಾಗದು, ಸಮಯ ಅಳೆಯಬಹುದು.

ನಮ್ಮ ಕಾಲೇಜು ಕಬಡ್ಡಿಗೆ ನನ್ನ ಸಲಹೆ ಇಷ್ಟೇ. ಅಂಕಣದಲ್ಲಿ ಚಿಕಿತ್ಸೆ ಪಡೆದವನು ಐದು ನಿಮಿಷ ಹೊರಗೆ ಕೂರಲಿ, ಅವನ ಜಾಗಕ್ಕೆ ಬದಲಿ ಆಟಗಾರ ಬರಲಿ. ನಿಜವಾಗಿ ಪೆಟ್ಟಾದವನಿಗೆ ಇದರಿಂದ ನಷ್ಟವೇನಿಲ್ಲ, ಅವನಿಗೆ ಆ ವಿಶ್ರಾಂತಿ ಬೇಕೇ ಬೇಕು. ನಷ್ಟ ಆಗುವುದು ಸ್ಪ್ರೇ ಹೊಡೆಸಿಕೊಂಡು ತಕ್ಷಣ ಎದ್ದು ಓಡುವವನಿಗೆ. ಇದರಲ್ಲೊಂದು ತೂತಿದೆ, ನನಗೆ ಗೊತ್ತು: ಕ್ಯಾಪ್ಟನ್ ಒಳ್ಳೆಯ ಆಟಗಾರನನ್ನು ಬಿಟ್ಟು ನನ್ನಂಥವನನ್ನು ಬೀಳಿಸುತ್ತಾನೆ. ಅದಕ್ಕೇ ಕೊನೆಯ ಐದು ನಿಮಿಷಗಳಲ್ಲಿ ಇಂಥ ನಿಲುಗಡೆ ತಂಡದ ಟೈಮ್‌ಔಟ್ ಎಂದೇ ಲೆಕ್ಕವಾಗಲಿ. ಟೈಮ್‌ಔಟ್ ಇಲ್ಲದಿದ್ದರೆ ಎದುರಾಳಿಗೆ ಒಂದು ಟೆಕ್ನಿಕಲ್ ಪಾಯಿಂಟ್. ತಲೆ, ಕುತ್ತಿಗೆ, ರಕ್ತ ಸುರಿಯುವ ಗಾಯ, ಎದುರಾಳಿಯ ಫೌಲ್‌ನಿಂದಾದ ಪೆಟ್ಟು, ಆಸ್ಪತ್ರೆಗೇ ಹೋಗಬೇಕಾದ ಸ್ಥಿತಿ ಇವಕ್ಕೆಲ್ಲ ಪೂರ್ತಿ ವಿನಾಯಿತಿ.

‘ಹೀಗೆ ಮಾಡಿದರೆ ಪೆಟ್ಟಾದವರೂ ಹೆದರಿ ಮುಚ್ಚಿಡುವುದಿಲ್ಲವೇ?’ ನಮ್ಮ ಫಿಸಿಕಲ್ ಡೈರೆಕ್ಟರ್ ಕೇಳಿದ ಪ್ರಶ್ನೆ ಇದು. ತೂಕದ ಪ್ರಶ್ನೆಯೇ. 2022ರ ಕತಾರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತಲೆಗೆ ಪೆಟ್ಟಾದ ಇರಾನ್ ಗೋಲ್‌ಕೀಪರ್ ಬೈರನ್‌ವಂದ್ ಮೊದಲು ಆಟ ಮುಂದುವರಿಸಲು ನಿಂತು, ಆಮೇಲೆ ಸ್ಟ್ರೆಚರ್‌ನಲ್ಲಿ ಹೊರಹೋದರು. ಆಡಲೇಬೇಕೆಂಬ ಹಟ ಆಟಗಾರರಲ್ಲಿ ಯಾವ ನಿಯಮ ಇಲ್ಲದೆಯೂ ಇರುತ್ತದೆ. ಅದಕ್ಕೇ ವಿನಾಯಿತಿಗಳು ಗಟ್ಟಿಯಾಗಿರಬೇಕು, ಬೆಂಚಿನಲ್ಲಿ ಬದಲಿ ಆಟಗಾರರು ಇರಬೇಕು. ಆದರೆ ಒಂದು ಮಾತು. ನನ್ನ ಗೆಳೆಯ ನೋವು ನುಂಗಿಕೊಂಡು ಎದ್ದು ನಿಂತದ್ದು ಯಾವ ನಿಯಮಕ್ಕೂ ಹೆದರಿ ಅಲ್ಲ. ಯಾರೂ ನಂಬಲಿಲ್ಲ ಎಂದು.

ಈ ಚಾಳಿ ಅಂಕಣದಲ್ಲೇ ನಿಲ್ಲುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಹಾಜರಾತಿ ಕಡಿಮೆಯಾದಾಗ ಮೆಡಿಕಲ್ ಸರ್ಟಿಫಿಕೇಟ್ ‘ಮಾಡಿಸುವವರು’ ಯಾವ ಕ್ಲಾಸಿನಲ್ಲಿಲ್ಲ? ನಿಜವಾಗಿ ಡೆಂಗಿ ಬಂದವನು ಸರ್ಟಿಫಿಕೇಟ್ ಹಿಡಿದು ನಿಂತಾಗ ಆಫೀಸಿನವರು ಅವನನ್ನು ಮೇಲಿಂದ ಕೆಳಗೆ ನೋಡುವುದು ಆ ಹತ್ತು ಜನರಿಂದಾಗಿ.

ನಮ್ಮ ಕಡೆ ತೋಟದಲ್ಲಿ ಕೊನೆಗೌಡ ಅಡಿಕೆ ಮರದ ತುದಿಯಿಂದ ಒಂದು ಸಲ ಕೂಗಿದರೆ ಸಾಕು, ಕೆಳಗಿದ್ದವರೆಲ್ಲ ಇದ್ದಬದ್ದದ್ದು ಬಿಟ್ಟು ಓಡುತ್ತಾರೆ. ತಮಾಷೆಗಿರಬಹುದು ಎಂದು ಯಾರೂ ಯೋಚಿಸುವುದಿಲ್ಲ. ಮರದ ಮೇಲಿಂದ ಯಾರೂ ಸುಳ್ಳು ಕೂಗುವುದಿಲ್ಲ ಎಂಬ ನಂಬಿಕೆ ಅದು. ಅಂಕಣದಲ್ಲಿ ಆ ನಂಬಿಕೆಯನ್ನು ಕೆಡಿಸಿದವರು ನಾವೇ.

ರಜೆಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಗೋಡೆ ಹಿಡಿದುಕೊಂಡು ನಡೆಯುವ ಅಭ್ಯಾಸ ಮಾಡುತ್ತಿದ್ದ. ಅದೂ ಇದೂ ಮಾತಾಡಿದ ಮೇಲೆ ಕೇಳಿದ, ‘ಅವತ್ತು ನಾನು ಬಿದ್ದಾಗ ನೀನಾದರೂ ನಂಬಿದ್ಯಾ?’ ನನಗೆ ಉತ್ತರ ಹೇಳಲಾಗಲಿಲ್ಲ. ಅವನು ಬಿದ್ದ ಕ್ಷಣ ನನ್ನ ತಲೆಯಲ್ಲಿ ಬಂದದ್ದು ‘ಪರವಾಗಿಲ್ಲ, ನನಗಿಂತ ಚೆನ್ನಾಗಿ ಬೀಳ್ತಾನೆ’ ಎಂದು.

ಅಂತರ ಕಾಲೇಜು ಪಂದ್ಯಗಳು ಮತ್ತೆ ಬರುತ್ತವೆ. ಟೂರ್ನಿ ನಡೆಸುವ ಕಾಲೇಜುಗಳ ಕ್ರೀಡಾ ಕಾರ್ಯದರ್ಶಿಗಳೇ, ತಂಡಗಳಿಗೆ ಕಳಿಸುವ ನಿಯಮದ ಹಾಳೆಯಲ್ಲಿ ಈ ಎರಡು ಸಾಲು ಸೇರಿಸಿ ನೋಡಿ. ಸ್ಥಳೀಯ ಪಂದ್ಯಗಳಲ್ಲಿ ಪರೀಕ್ಷಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಎರಡೂ ತಂಡ ಒಪ್ಪಿದರೆ ಸಾಕು. ಆಡುವ ಗೆಳೆಯರೇ, ಕ್ಯಾಪ್ಟನ್ ‘ಬೀಳು’ ಎಂದಾಗ ನಿಂತೇ ಇರಿ. ಆ ಪಂದ್ಯ ಸೋತರೂ ಸೋಲಬಹುದು. ನಾಳೆ ನಿಮ್ಮ ಪಕ್ಕದವನು ಬಿದ್ದಾಗ ಅಂಪೈರ್ ಓಡಿ ಬರುತ್ತಾರೆ.